ಗಾಜಿನ ಗೂಡಿನಲ್ಲಿ ಕುಳಿತವರು

೭-೨-೪೯, ಸೋಮವಾರ

ಪ್ಲೇಟು ತೊಳೆಯುವ ಹೈಪೊ ಮತ್ತೆ ಖಾಲಿ. ತರಿಸಬೇಕು. ಬೆಳಿಗ್ಗೆಯಿಂದ ಗವಿಪುರಂನ ಏಕಾಂತಯ್ಯನವರ ಪ್ಲೇಟುಗಳೇ ಆಯಿತು. ಮೊನ್ನೆ ಲಿಂಗೈಕ್ಯರಾದರು. ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೊರಗಿಸಿ ಕೂರಿಸಿದ್ದರು. ನಮ್ಮವರಲ್ಲಿ ಎಲ್ಲರಿಗೂ ಅದೇ ಕಡೆಯ ಫೋಟೋ. ಮುಚ್ಚಿದ ಕಣ್ಣನ್ನು ನೆಗೆಟಿವ್ ಮೇಲೆ ತೆರೆಯುವುದು ತಂಗಿ ಶಿವಕುಮಾರಿಯ ಕೆಲಸ. ಬಿಳಿಗೆ ಪೆನ್ಸಿಲು, ಪಾಪೆಗೆ ಚಾಕುವಿನ ತುದಿ. ಚಾಮರಾಜಪೇಟೆಯಲ್ಲಿ ಅವಳಷ್ಟು ಚೆನ್ನಾಗಿ ಕಣ್ಣು ತೆರೆಯುವವರು ಇನ್ನೊಬ್ಬರಿಲ್ಲ — ನನ್ನನ್ನೂ ಸೇರಿಸಿ.

ಮಣ್ಣಾಗುವ ಮುಂಚೆ ಮಾತ್ರ ಪೆನ್ಸಿಲು ಮುಟ್ಟುವಂತಿಲ್ಲ. ಅಪ್ಪನ ಕಾಲದ ಕಟ್ಟುಪಾಡು. ಮಣ್ಣಾಗದವರ ಕಣ್ಣು ತೆರೆದರೆ, ತೆರೆದವರನ್ನೇ ಹುಡುಕಿಕೊಂಡು ಬರುತ್ತಾರಂತೆ. ನಾನು ನಂಬುವುದಿಲ್ಲ. ಆದರೂ ಸಮಾಧಿ ಮುಗಿದ ಸುದ್ದಿ ಬಂದ ಮೇಲೆಯೇ ಪ್ಲೇಟು ಅವಳ ಕೈಗೆ ಕೊಟ್ಟೆ.

೯-೨-೪೯, ಬುಧವಾರ

ವಿಮಾನದ ಕಾರ್ಖಾನೆಗೆ ಹೋಗಿದ್ದೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಜಜ್ಜಿ ಬಿಟ್ಟುಹೋದ ಬಾಂಬರುಗಳನ್ನು ಇಲ್ಲಿ ತಂದು ರಿಪೇರಿ ಮಾಡುತ್ತಿದ್ದಾರೆ. ಇವತ್ತಿನದಕ್ಕೆ ಆರು ಕಡೆಯಿಂದ ಫೋಟೋ. ನಾಲ್ಕು ಇಂಜಿನ್, ಎಮ್ಮೆಯ ಹೊಟ್ಟೆ. ಬಾಲದ ತುದಿಯಲ್ಲಿ ಗಾಜಿನ ಗೂಡು. ಯುದ್ಧದಲ್ಲಿ ಒಬ್ಬ ಗನ್ ಹಿಡಿದು ಅದರೊಳಗೆ ಹಿಂದಕ್ಕೆ ಮುಖ ಮಾಡಿ ಕೂರುತ್ತಿದ್ದನೆಂದು ಫೋರ್‌ಮನ್ ರಾಮಾನುಜ ಹೇಳಿದರು.

ವೃಷಭೇಂದ್ರನ ನೆನಪಾಯಿತು. ಶಿವಕುಮಾರಿಯ ಗಂಡ. ಮಾಮೂಲ್‌ಪೇಟೆಯ ಅಂಗಡಿ ಬಿಟ್ಟು ವಾಯುಸೇನೆ ಸೇರಿದ. ನಲವತ್ತನಾಲ್ಕರಲ್ಲಿ ಬರ್ಮಾ ಕಡೆ ಹಾರಿದ ಬಾಂಬರಿನಲ್ಲಿದ್ದ. ‘ಮಿಸ್ಸಿಂಗ್’ ಎಂದು ತಂತಿ ಬಂತು, ಅಷ್ಟೇ. ದೇಹವಿಲ್ಲ, ಸಮಾಧಿಯಿಲ್ಲ. ಐದು ವರ್ಷದಿಂದ ಅವಳು ಕುಂಕುಮ ಬಿಟ್ಟಿಲ್ಲ. ನಕ್ಕಿದ್ದೂ ಇಲ್ಲ.

೧೧-೨-೪೯, ಮಧ್ಯಾಹ್ನ

ಬಾಲದ ಕಡೆಯ ಪ್ಲೇಟು ಪ್ರಿಂಟ್ ಹಾಕಿದೆ. ಗಾಜಿನ ಗೂಡಿನಲ್ಲಿ ಒಬ್ಬ ಮನುಷ್ಯ. ಕಡಲೆಕಾಳಿನಷ್ಟು ಮುಖ. ತೊಡೆಯ ಮೇಲೆ ಕೈಯಿಟ್ಟು ನೆಟ್ಟಗೆ ಕುಳಿತಿದ್ದಾನೆ — ನಮ್ಮವರನ್ನು ಕೂರಿಸುವ ಹಾಗೆಯೇ. ಭೂತಗನ್ನಡಿ ಹಿಡಿದು ನೋಡಿದೆ. ವೃಷಭೇಂದ್ರ. ಎಡಗಿವಿಯ ಹರಕೂ ಇದೆ. ಕಣ್ಣು ತೆರೆದಿದೆ.

ಶಿವಕುಮಾರಿಯನ್ನು ಕರೆದು ತೋರಿಸಿದೆ. ಅವಳು ಭೂತಗನ್ನಡಿ ತೆಗೆದುಕೊಂಡು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ನೆಗೆಟಿವ್‌ನಲ್ಲಿ ಯಾರು ಅಂತ ಗೊತ್ತಾಗ್ಲಿಲ್ಲ ಅಣ್ಣ. ಕೂತಿದ್ರು, ಕಣ್ಣು ಮುಚ್ಚಿತ್ತು. ದಿನಾ ಮಾಡೋ ಕೆಲಸ ಅಲ್ವಾ... ತೆರೆದ್ಬಿಟ್ಟೆ.”

ಮತ್ತೆ ಪ್ರಿಂಟು ನೋಡಿದಳು. ನಕ್ಕಳು. ಐದು ವರ್ಷದ ಮೇಲೆ ನಕ್ಕಳು. ಪೆನ್ಸಿಲು ಒರೆಸಿ ಆ ಪ್ಲೇಟನ್ನು ಅಲ್ಲೇ ಒಡೆದುಹಾಕಬಹುದಿತ್ತು. ಆ ನಗು ನೋಡಿ ಸೋತೆ. ಪ್ರಿಂಟು ಅವಳ ಕೈಗೇ ಕೊಟ್ಟೆ.

೧೨-೨-೪೯, ಶನಿವಾರ

ಒಂದು ಪ್ಲೇಟು ಕೆಟ್ಟಿತೆಂದು ಸುಳ್ಳು ಹೇಳಿ ಕಾರ್ಖಾನೆಗೆ ಮತ್ತೆ ಹೋದೆ. ಗೂಡಿನೊಳಗೆ ಯಾರಾದರೂ ಕುಳಿತಿದ್ದರೇ ಎಂದು ರಾಮಾನುಜರನ್ನು ಕೇಳಿದೆ. ಒಳಗೆ ಕರೆದೊಯ್ದು ತೋರಿಸಿದರು.

“ಎಲ್ಲಿ ಕೂರ್ತಾರೆ ಸ್ವಾಮಿ? ಸೀಟೇ ಇನ್ನೂ ಹಾಕಿಲ್ಲ.”

ನಿಜ. ಬರಿಯ ತಗಡು, ನಾಲ್ಕು ವೈರು. ಹೊರಗೆ ಬಂದು ಇನ್ನೊಂದು ಪ್ಲೇಟು ತೆಗೆದೆ.

ಸಂಜೆ — ಹೊಸ ಪ್ಲೇಟಿನಲ್ಲೂ ಇದ್ದಾನೆ. ಇದಕ್ಕೆ ಯಾರೂ ಪೆನ್ಸಿಲು ಮುಟ್ಟಿಸಿಲ್ಲ. ಕಣ್ಣು ತೆರೆದೇ ಇದೆ. ಕುತ್ತಿಗೆ ಸ್ವಲ್ಪ ಚಾಚಿದ್ದಾನೆ. ನೋಡುತ್ತಿರುವುದು ನನ್ನನ್ನಲ್ಲ. ನನ್ನ ಹೆಗಲಾಚೆ, ಜೊತೆಗೆ ಇನ್ಯಾರಾದರೂ ಬಂದಿದ್ದಾರೆಯೇ ಎಂದು. ಹೆದರಿಕೆಯಾಗಿದೆ. ನಂಬುವುದಿಲ್ಲ ಎಂದು ಬರೆದವನೂ ನಾನೇ.

೧೭-೨-೪೯, ಗುರುವಾರ

ವೃಷಭೇಂದ್ರನ ತಾಯಿ ಬಸವಮ್ಮನವರು ಬಂದಿದ್ದರು. ಇನ್ನೆಷ್ಟು ದಿನ ಕಾಯುವುದು, ಮಣ್ಣು ಮಾಡುವ ಬದಲು ಬರುವ ಸೋಮವಾರ ಶಿವಗಣಾರಾಧನೆಯನ್ನಾದರೂ ಮಾಡಿಬಿಡೋಣ, ಮಗನಿಗೂ ಸೊಸೆಗೂ ಬಿಡುಗಡೆಯಾಗಲಿ ಎಂದು ಅತ್ತರು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಶಿವಕುಮಾರಿ ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಒಪ್ಪಿಬಿಟ್ಟಳು. ಶನಿವಾರ ಆ ವಿಮಾನ ರಿಪೇರಿಯಾಗಿ ಮೊದಲ ಸಲ ಹಾರುತ್ತದೆ, ತನ್ನನ್ನು ಕರೆದುಕೊಂಡು ಹೋಗಬೇಕು — ಅದೊಂದೇ ಕೇಳಿದ್ದು.

ಬೇಡವೆನ್ನಲು ಬಾಯಿ ಬರಲಿಲ್ಲ. ವಾರದಿಂದ ಸರಿಯಾಗಿ ಊಟವಿಲ್ಲ ಅವಳಿಗೆ. ಆದರೂ ಮುಖದಲ್ಲಿ ಕಳೆ. ಇನ್ನು ನಾಲ್ಕು ದಿನ. ಸೋಮವಾರ ಕಳೆದರೆ ತಂಗಿ ನನಗೆ ಉಳಿಯುತ್ತಾಳೆ.

೧೯-೨-೪೯, ಶನಿವಾರ, ಮೂರೂವರೆ

ಹತ್ತೂವರೆಗೆ ಹಾರಿತು. ಶಿವಕುಮಾರಿ ಮಲ್ಲಿಗೆ ಮುಡಿದು ಬಂದಿದ್ದಳು. ನನ್ನ ಎಡಕ್ಕೆ ನಿಂತಿದ್ದಳು. ಒಂದು ಗಳಿಗೆಯೂ ಅವಳನ್ನು ಬಿಟ್ಟಿರಲಿಲ್ಲ, ಇದನ್ನು ಆಣೆಯಿಟ್ಟು ಬರೆಯುತ್ತೇನೆ. ವಿಮಾನ ನಮ್ಮೆದುರೇ ಓಡಿಹೋಯಿತು. ಬರಿಗಣ್ಣಿಗೆ ಗೂಡು ಖಾಲಿ. ಒಂದೇ ಪ್ಲೇಟು ತೆಗೆದೆ. ವಾಪಸು ಬರುವಾಗ ಅವಳ ಕೈ ಹಿಡಿದುಕೊಂಡಿದ್ದೆ. ತಣ್ಣಗಿತ್ತು. ಗಾಳಿಗೆ ಅಂದುಕೊಂಡೆ.

ಈಗ ಡಾರ್ಕ್ ರೂಮಿನಲ್ಲಿದ್ದೇನೆ. ಕೆಂಪು ದೀಪದಲ್ಲೇ ಬರೆಯುತ್ತಿದ್ದೇನೆ. ಅವಳು ಬಾಗಿಲಾಚೆ ನಿಂತು ಕೇಳಿದಳು, “ಅಣ್ಣ, ಇದಾರಾ?”

ಇದ್ದಾನೆ. ಹೇಳಲಿಲ್ಲ. ಅವನು ಇತ್ತ ನೋಡುತ್ತಿಲ್ಲ. ಪಕ್ಕಕ್ಕೆ ತಿರುಗಿದ್ದಾನೆ. ಪಕ್ಕದಲ್ಲಿ ಒಬ್ಬಳು ಕುಳಿತಿದ್ದಾಳೆ. ತೊಡೆಯ ಮೇಲೆ ಕೈ, ನೆಟ್ಟಗೆ. ಮುಡಿಯಲ್ಲಿ ಹೂವು — ನೆಗೆಟಿವ್‌ನಲ್ಲಿ ಕಪ್ಪು. ಕಣ್ಣು ಮುಚ್ಚಿದೆ.

ಕುಮಾರೀ ಎಂದು ಕೂಗಿದೆ. ಎರಡು ಸಲ. ಬಾಗಿಲಾಚೆ ಬಳೆಯ ಸದ್ದೂ ಇಲ್ಲ. ಪ್ಲೇಟು ಕೈಯಲ್ಲಿದೆ. ಇದನ್ನು ಒಡೆದರೆ ಅವಳು ಉಳಿಯುತ್ತಾಳೆಯೋ, ಇಲ್ಲ ಒಡೆದರೇ