ಸೊಳ್ಳೆ ಮಶೀನು ಒಂದರ ಮೇಲಿತ್ತು

ತಮ್ಮಾ ಅಮೋಲ,

ರವಿವಾರ ನಸುಕಿನ ಎರಡೂ ಇಪ್ಪತ್ತು. ಕಿವಿಯ ಹತ್ತಿರ ಒಂದೇ ಒಂದು ಸೊಳ್ಳೆ ಗುಂಯ್‌ಗುಟ್ಟಿ ಎಚ್ಚರವಾಯಿತು. ದೀಪ ಹಚ್ಚಿ ಕೂಸಿನ ಕೈಕಾಲು ನೋಡಿದೆ. ಎಲ್ಲೂ ಕಚ್ಚಿಲ್ಲ. ಆದರೂ ಮತ್ತೆ ಕಣ್ಣು ಮುಚ್ಚಲಿಲ್ಲ. ಎಂಟು ತಿಂಗಳಿಂದ ನಿನ್ನ ಫೋನ್ ಬಂದ್ ಇದೆ, ಅದಕ್ಕೇ ಈ ಕಾಗದ. ಬೆಳಗಾದರೆ ನಮ್ಮ ಓಣಿಯ ಭರಮು ಟೆಂಪೋದಲ್ಲಿ ನೀನಿರುವ ಇಚಲಕರಂಜಿಗೆ ತರಕಾರಿ ಒಯ್ಯುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಬಾಣಂತನಕ್ಕೆ ತವರಿಗೆ, ಅಂಕಲಿಗೆ ಬಂದಾಗ ಕಬ್ಬಿನ ಹೊಲದ ಸೊಳ್ಳೆಗೂ ಹೆದರುತ್ತಿದ್ದೆ, ಅದನ್ನು ಓಡಿಸುವ ಮಶೀನಿನ ವಾಸನೆಗೂ ಹೆದರುತ್ತಿದ್ದೆ. ಅಂಗಡಿಯಿಂದ ತಂದದ್ದಕ್ಕೆ ಕಾವು ಕಡಿಮೆ ಮಾಡುವ ದಾರಿಯೇ ಇರಲಿಲ್ಲ. ನೀನು ನಿಪ್ಪಾಣಿಯ ರಿಪೇರಿ ಅಂಗಡಿಯಿಂದ ಬಂದವನೇ ಅದನ್ನು ಬಿಚ್ಚಿ ಕೂತೆ. ನೀನು ಮಾಡಿದ ಮೊದಲನೆಯದು ಸಾಬೂನಿನ ಡಬ್ಬಿಯಷ್ಟಾಯಿತು. "ಇದೇನೋ, ಸೊಳ್ಳಿಗೆ ಹಾಡ ಕೇಳಸಾಕ ರೇಡಿಯೋ ಮಾಡಿಯೇನ?" ಎಂದು ಅವ್ವ ನಕ್ಕಳು. ನಾಲ್ಕನೆಯದು ಪ್ಲಗ್ಗಿನಷ್ಟಕ್ಕೇ ಇಳಿಯಿತು. ಬದಿಗೆ ಹುಣಸೆಬೀಜದಷ್ಟು ಬಟನ್, ತಿರುವಿದರೆ ಬತ್ತಿಗೆ ತಾಗುವ ಕಾವು ಹೆಚ್ಚು ಕಡಿಮೆ. ನನ್ನ ಉಗುರುಬಣ್ಣದಿಂದಲೇ ನೀನು ಒಂದು, ಎರಡು, ಮೂರು ಎಂದು ಬರೆದೆ.

"ಸಂಜಿಗೆ ಕದಾ ಹಾಕಿ ಮೂರಕ್ಕ ಇಡು, ಕೂಸು ಮಲಗಿದ ಮ್ಯಾಲ ಎರಡಕ್ಕ ತಾ. ಒಂದಕ್ಕ ಬಿಟ್ಟಿ ಅಂದ್ರ ಸೊಳ್ಳಿ ಬಂದು ಚಾ ಕೇಳತಾವ" ಎಂದಿದ್ದೆ. ಓಣಿಯಲ್ಲಿ ಮೂವರು ತಮಗೂ ಬೇಕೆಂದರು. ನೀನು ಚಿಕ್ಕೋಡಿಯಲ್ಲಿ ಸ್ವಂತ ಅಂಗಡಿ ಹಾಕುವ ಮಾತಾಡತೊಡಗಿದ್ದೆ.

ನಾನು ಒಂದಕ್ಕೇ ಇಟ್ಟಿದ್ದೆ, ತಮ್ಮಾ. ದಿನಾಲೂ. ಬಿ.ಎಸ್ಸಿ. ಓದಿದವಳು ನಾನು. ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ಓದಿ, ಆ ಔಷಧ ಕೂಸಿನ ಎದೆಗೆ ಇಳಿಯುತ್ತದೆ ಎಂದು ಹೆದರಿ, ನೀನು ಮಲಗಿದ ಮೇಲೆ ಇಳಿಸುತ್ತಿದ್ದೆ. ನೀನು ಏಳುವ ಮೊದಲು ಮತ್ತೆ ಎರಡಕ್ಕೆ ಏರಿಸುತ್ತಿದ್ದೆ. ನಿನಗೆ ಬೇಸರವಾಗಬಾರದೆಂದು.

ಕೂಸಿಗೆ ಡೆಂಗ್ಯೂ ಬಂತು. ಮಿರಜಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ರಕ್ತ ಕೊಟ್ಟವನು ನೀನು. ನನ್ನ ಅತ್ತೆ ಎಲ್ಲರ ಮುಂದೆ, "ಮಂದಿ ಮಕ್ಕಳ ಮ್ಯಾಲ ನಿನ್ನ ಆಟಿಗಿ ಸಾಮಾನ ಹಚ್ಚಿ ನೋಡ್ತೀ ಏನೋ?" ಎಂದರು. ನೀನು ನನ್ನ ಕಡೆ ತಿರುಗಿದೆ. "ಅಕ್ಕಾ, ಎಷ್ಟಕ್ಕ ಇಟ್ಟಿದ್ದಿ?"

"ಎರಡಕ್ಕ" ಅಂದೆ.

ಆಮೇಲೆ ನೀನು ಎರಡು ದಿನ ಆಸ್ಪತ್ರೆಯ ಅಂಗಳದಲ್ಲಿ ಕೂತು ಆ ಮಶೀನು ಬಿಚ್ಚಿದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. "ತಪ್ಪು ಸಿಗವಲ್ದು ಅಕ್ಕಾ. ಆದ್ರ ಎಲ್ಲೋ ಐತಿ" ಎಂದೆ. ಆ ತಪ್ಪು ನಿನ್ನ ಎದುರಿಗೇ ಕೂಸಿನ ಔಷಧದ ಚೀಟಿ ಹಿಡಿದು ನಿಂತಿತ್ತು. ಕೂಸು ಉಳಿಯಿತು. ಅದು ಮನೆಗೆ ಬಂದ ದಿನ ನೀನು ಉಣ್ಣದೆ ಮನೆ ಬಿಟ್ಟು ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋದೆ.

ಮೊನ್ನೆ ಭರಮು ಹೇಳಿದ: "ಮಗ್ಗದ ಮೋಟಾರ ಕೆಟ್ರ ಅಮೋಲ ಮುಟ್ಟಾಂಗಿಲ್ಲಕ್ಕಾ. ನನ್ನ ಕೈ ಚಲೋ ಅಲ್ಲ ಅಂತಾನ." ನಿನ್ನೆ ಅವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈಯ ಹಿಟ್ಟು ಒರೆಸಿಕೊಂಡಳು. "ನನಗ್ಯಾಕ ಹೇಳತಿ? ಅವಂಗ ಹೇಳು" ಎಂದಳು.

ನಾಳೆ ಸೋಮವಾರ ಯಡೂರ ವೀರಭದ್ರನ ಗುಡಿಯಲ್ಲಿ ಕೂಸಿನ ಜಾವಳ. ಮೊದಲ ಕೂದಲು ತೆಗೆಯುವಾಗ ಸೋದರಮಾವನ ತೊಡೆ ಬೇಕು. "ಕಾಕಾನ ಮಗ ಅಪ್ಪಾಸಾಬ ಕುಂದರತಾನ ಬಿಡು" ಎಂದು ಅತ್ತೆ ನಿಶ್ಚಯಿಸಿದ್ದಾರೆ. ಅವರಿಗೂ ಇವತ್ತು ನಿಜ ಹೇಳುತ್ತೇನೆ, ನೀನು ಬಂದರೂ, ಬರದಿದ್ದರೂ. ಆದರೆ ಯಾರ ರಕ್ತ ಅದರ ಮೈಯಲ್ಲಿ ಓಡುತ್ತಿದೆಯೋ ಅವನನ್ನು ಬಿಟ್ಟು ಇನ್ನೊಬ್ಬರ ತೊಡೆಯ ಮೇಲೆ ಅದನ್ನು ಹೇಗೆ ಕೂರಿಸಲಿ?

ಕ್ಷಮಿಸು ಎನ್ನುವ ಮುಖ ನನಗಿಲ್ಲ. ನಿನ್ನ ಕೈ ಚಲೋ ಇದೆ ಎಂಬುದನ್ನಷ್ಟೇ ನಂಬು. ವೀರಭದ್ರ ಆ ಕೈಯನ್ನು ಕಾಯಲಿ, ಅದು ಮತ್ತೆ ಕೆಲಸ ಹಿಡಿಯಲಿ.

ಈ ಕಾಗದ ಸಂಜೆಯೊಳಗೆ ನಿನಗೆ ಮುಟ್ಟುತ್ತದೆ. ಸೋಮವಾರ ಹೊತ್ತು ಹುಟ್ಟುವ ಮೊದಲು ನಾವು ಯಡೂರಿಗೆ ಹೊರಡುತ್ತೇವೆ. ಅದರೊಳಗೆ ಒಮ್ಮೆ ಫೋನ್ ಮಾಡು. ಬೈಯಲಿಕ್ಕಾದರೂ ಮಾಡು. ಮಾತು ಬೇಡವೆನಿಸಿದರೆ ಸುಮ್ಮನೆ ಹಿಡಿದುಕೊಂಡಿರು, ನೀನೇ ಎಂದು ತಿಳಿದುಕೊಳ್ಳುತ್ತೇನೆ. ಬೆಳಗಾಗುವುದರೊಳಗೆ ಮಾಡು, ತಮ್ಮಾ.

ನಿನಗೆ ಸುಳ್ಳು ಹೇಳಿದ ಅಕ್ಕ,
ಉಜ್ವಲಾ