ಹಾಳೂರಿನವರ ಅಂಗಿಗಳು

ಬುಧವಾರ, ಜೂನ್ 12

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ಕೆಮ್ಮು ಹೋಗಿದೆ. ನೀನು ಕೇಳುವ ಮೊದಲ ಮೂರು ಪ್ರಶ್ನೆಗಳು ಇಲ್ಲಿಗೆ ಮುಗಿದವು. ಎರಡು ತಿಂಗಳು ಪತ್ರ ಬರೆಯದಿದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದುಬಿಡು, ಆಮೇಲೆ ಮುಂದೆ ಓದು. ಫೋನಿನಲ್ಲಿ ಹೇಳೋಣವೆಂದರೆ ಅತ್ತ ನಿನ್ನ ಹೊಲಿಗೆ ಮೆಷಿನ್ ನಿಲ್ಲುವುದಿಲ್ಲ, ಇತ್ತ ನನ್ನ ನಾಲಿಗೆ ಏಳುವುದಿಲ್ಲ.

ಹೋದ ವಾರ ಸಿನಿಮಾ ನೋಡಲು ಕರೆದಾಗ, "ನಾನೇ ಕೆಡ್ಸಿದ್ದನ್ನ ನಾನೇ ಬಸ್ಸು ಹತ್ತಿ ಬಂದು ನೋಡ್ಬೇಕೇನೇ?" ಎಂದು ಫೋನಿಟ್ಟೆಯಲ್ಲ, ಅದಕ್ಕೇ ಈ ಪತ್ರ. ಸೋಮವಾರ ಮೊದಲ ಪ್ರದರ್ಶನ ಆಯಿತು. ನೀನು ಏನನ್ನೂ ಕೆಡಿಸಿಲ್ಲ. ಇಪ್ಪತ್ತಮೂರನೇ ತಾರೀಕು, ಭಾನುವಾರ, ಇನ್ನೊಂದು ಪ್ರದರ್ಶನವಿದೆ. ಅದಕ್ಕೆ ನೀನು ಬರಲೇಬೇಕು.

ಇಂಥ ಚಿತ್ರಗಳಿಗೆ ನಮ್ಮ ಮೇಷ್ಟ್ರು ಡಿಸ್ಟೋಪಿಯಾ ಎನ್ನುತ್ತಿದ್ದರು. ನೀನು ಇಟ್ಟ ಹೆಸರೇ ನನಗಿಷ್ಟ: ಹಾಳೂರಿನ ಸಿನಿಮಾ. ಮುಂದೆಂದೋ ಬರುವ ಕಾಲ, ಎಲ್ಲರ ಮೇಲೂ ಕಣ್ಣಿಟ್ಟ ಸರ್ಕಾರ, ಹೆಸರಿನ ಬದಲು ನಂಬರು. ಕಾಲೇಜಿನಲ್ಲಿದ್ದಾಗ ಹತ್ತಿಪ್ಪತ್ತು ನೋಡಿದ್ದೇನೆ. ಎಲ್ಲದರಲ್ಲೂ ಜನ ಬೂದು ಬಣ್ಣದ ಗೋಣಿಚೀಲ ತೊಟ್ಟವರ ಹಾಗೆ ಕಾಣುತ್ತಾರೆ. ನಾನು ಕೆಲಸ ಮಾಡಿದ ಈ ಚಿತ್ರದ ನಿರ್ದೇಶಕರಿಗೂ ಅದೇ ಬೇಕಿತ್ತು. ನಿನ್ನ ಅಂಗಡಿಗೆ ಬಂದ ಚೀಟಿಯಲ್ಲಿ ಬರೆದಿದ್ದೂ ಅದೇ: ನೂರಿಪ್ಪತ್ತು ಬೂದು ಅಂಗಿ, ಎಲ್ಲ ಒಂದೇ ಅಳತೆ.

ನೀನು ಚೀಟಿ ಓದಿ ನಕ್ಕೆ. "ಪಾಪ, ಯಾರೋ ಗೊತ್ತಿಲ್ದೆ ಬರ್ದಿದಾರೆ. ಒಂದೇ ಅಳತೆಯ ನೂರಿಪ್ಪತ್ತು ಜನ ಎಲ್ಲಿ ಸಿಗ್ತಾರೆ?" ಎಂದು ಟೇಪು ಹೆಗಲಿಗೆ ಹಾಕಿಕೊಂಡು ಚಿತ್ರತಂಡದ ಗೋದಾಮಿಗೆ ಹೋದೆ. ಜನರ ಗುಂಪಿನಲ್ಲಿ ನಟಿಸಲು ಬಂದಿದ್ದ ಒಬ್ಬೊಬ್ಬರನ್ನೂ ನಿಲ್ಲಿಸಿ ಅಳೆದೆ. ಅವರಲ್ಲಿದ್ದ ನಮ್ಮೂರಿನ ಬೀಗ ರಿಪೇರಿಯ ತಾತನ ಎಡ ಹೆಗಲು ಎರಡು ಬೆರಳು ಇಳಿದಿದ್ದನ್ನು ಗುರುತು ಹಾಕಿಕೊಂಡೆ. ಮೂವತ್ತು ವರ್ಷ ಶಾಲೆಯ ಯೂನಿಫಾರ್ಮ್ ಹೊಲಿದವಳು ನೀನು. "ದೊಗಳೆಯಾಗಿದ್ರೆ ಮಗು ಕ್ಲಾಸಲ್ಲಿ ಕೈ ಎತ್ತಲ್ಲ" ಎನ್ನುವವಳು. ಕೆಟ್ಟದಾಗಿ ಹೊಲಿ ಎಂದು ಯಾರಾದರೂ ಕೇಳಬಹುದು ಎಂಬುದೇ ನಿನಗೆ ಹೊಳೆಯಲಿಲ್ಲ.

ಶೂಟಿಂಗಿನ ಬೆಳಿಗ್ಗೆ ನಡೆದದ್ದು ನಮ್ಮಿಬ್ಬರಿಗೂ ನೆನಪಿದೆ. ನೂರಿಪ್ಪತ್ತು ಜನ ಸಾಲಾಗಿ ನಿಂತರು. ಯಾರ ತೋಳೂ ಜೋಲುತ್ತಿರಲಿಲ್ಲ. ತಾತ ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡು, "ನನ್ ಮದ್ವೆಗೂ ಇಂಥ ಅಂಗಿ ಇರ್ಲಿಲ್ಲ ಕಣ್ರೀ" ಎಂದ. ನಿರ್ದೇಶಕರು ಕೂಗಾಡಿದರು: "ಇವ್ರು ಸೋತ ಜನ ಅಮ್ಮಾ! ನೀವು ಮದುವೆ ದಿಬ್ಬಣ ಮಾಡಿದೀರಿ! ಎಲ್ಲಾ ಬಿಚ್ಚಿ!" ನೀನು ಮೆತ್ತಗೆ, "ಬಿಚ್ಚಿ ಹೊಲಿಯೋಕೆ ಮೂರು ದಿನ ಬೇಕು ಸಾರ್" ಎಂದೆ. ಆ ಜಾಗ ನಮಗಿದ್ದದ್ದು ಅದೊಂದೇ ದಿನ. ಅವರು ಕೈ ಬೀಸಿದರು. ನೀನು ಹೊರಟುಹೋದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ಬೇರೆ ದಾರಿಯಿಲ್ಲದೆ ಕ್ಯಾಮೆರಾ ಓಡಿತು. ಯಾರ ಗುಂಡಿ ತೆರೆದಿತ್ತು, ಯಾರ ತೋಳು ಮಡಚಿತ್ತು ಎಂದು ಬರೆದಿಡುವ ನನ್ನ ಕೆಲಸಕ್ಕಾಗಿ ನಾನು ಪಕ್ಕದಲ್ಲೇ ನಿಂತಿದ್ದೆ. ಮೂರನೇ ಶಾಟ್ ಮುಗಿದ ಮೇಲೆ ನಿರ್ದೇಶಕರು ಮಾನಿಟರಿನ ಮುಂದೆ ಕೂತು ಅದನ್ನೇ ಮತ್ತೆ ನೋಡಿದರು. ಆಮೇಲೆ ಛಾಯಾಗ್ರಾಹಕರಿಗೆ ಹೇಳಿದರು: "ಗೋಣಿಚೀಲ ತೊಡ್ಸೋ ಸರ್ಕಾರಕ್ಕೆ ಜನ ಯಾರು ಅಂತ ಗೊತ್ತಿಲ್ಲ ಅಂತ ಅರ್ಥ. ಈ ಸರ್ಕಾರ ಒಬ್ಬೊಬ್ಬರ ಕುತ್ತಿಗೆಯನ್ನೂ ಅಳೆದಿದೆ ಕಣಯ್ಯಾ. ಇಂಥವರಿಂದ ತಪ್ಪಿಸ್ಕೊಳ್ಳೋದು ಹೇಗೆ?" ನಾನು ಆ ಮಾತನ್ನೂ ಬರೆದಿಟ್ಟುಕೊಂಡೆ. ಆದರೆ ಎಡಿಟಿಂಗಿನಲ್ಲಿ ಏನು ಉಳಿಯುತ್ತದೆ, ಏನು ಹಾರಿಹೋಗುತ್ತದೆ ಎಂದು ಹೇಳಲಾಗದು. ನಿನಗೆ ಆಸೆ ಹುಟ್ಟಿಸಿ ಆಮೇಲೆ ಇಲ್ಲವೆನ್ನಲು ಮನಸ್ಸಾಗದೆ ಸುಮ್ಮನಿದ್ದೆ.

ಉಳಿದಿದೆ ಅಮ್ಮಾ. ಆರು ನಿಮಿಷ, ಮಾತಿಲ್ಲದೆ, ಆ ಸಾಲು. ತಾತನ ಇಳಿದ ಹೆಗಲ ಮೇಲೆ ಕೂದಲೆಳೆಯಷ್ಟೂ ಸುಕ್ಕಿಲ್ಲದೆ ಕೂತ ಹೊಲಿಗೆ ಇಡೀ ತೆರೆಯನ್ನು ತುಂಬುತ್ತದೆ. ಮುಂದಿನ ಸಾಲಿನ ಹೆಂಗಸೊಬ್ಬರು ಅದನ್ನು ನೋಡಿ ತಮ್ಮ ಕಾಲರನ್ನು ಸಡಿಲ ಮಾಡಿಕೊಂಡರು. ಚಿತ್ರ ಮುಗಿದ ಮೇಲೆ ಪ್ರಶ್ನೋತ್ತರ. ಗಡ್ಡದ ವಿಮರ್ಶಕರೊಬ್ಬರು ಎದ್ದು, "ಇಂಥ ಚಿತ್ರಗಳಲ್ಲಿ ಇಷ್ಟು ಚೆನ್ನಾಗಿ ಹೊಲಿದ ಬಟ್ಟೆ ನಾನು ನೋಡೇ ಇಲ್ಲ. ಈ ಯೋಚನೆ ಹೇಗೆ ಬಂತು?" ಎಂದರು. ನಿರ್ದೇಶಕರು ತಮ್ಮ ಯೋಚನೆಯೆಂದು ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲಿಲ್ಲ. "ಅದು ನಮ್ಮ ದರ್ಜಿಯಮ್ಮಂದು. ಅವ್ರಿಗೆ ಕೆಟ್ಟದಾಗಿ ಹೊಲಿಯೋಕೆ ಬರಲ್ಲ. ನಾನು ಆ ದಿನ ಬೈದುಬಿಟ್ಟೆ" ಎಂದರು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ನಾನು ಅಂಗೈ ಉರಿಯುವಷ್ಟು ತಟ್ಟಿದೆ. ಸಾಹಿತ್ಯ ಓದಿದವಳು ನಾನು. ಇಂಥ ಚಿತ್ರಗಳ ಬಗ್ಗೆ ಕಾಲೇಜಿನಲ್ಲಿ ಬರೆದ ಇಡೀ ಪ್ರಬಂಧದಲ್ಲಿ ನಾನು ಹೇಳಲಾಗದ್ದನ್ನು ನೀನು ಒಂದು ಹೆಗಲ ಹೊಲಿಗೆಯಲ್ಲಿ ಹೇಳಿದ್ದೀಯ.

ಬೀಗದ ತಾತನಿಗೂ ಬರಲು ಹೇಳು. ಇಬ್ಬರೂ ಒಂದೇ ಬಸ್ಸಿನಲ್ಲಿ ಬನ್ನಿ. ಯೂನಿಫಾರ್ಮ್ ಗಡಿಬಿಡಿ ಎಂದು ನೆಪ ಹೇಳಬೇಡ, ಒಂದು ಭಾನುವಾರ ಮಕ್ಕಳು ಕಾಯುತ್ತಾರೆ. ಕಣ್ಣು ನೋಯುವಷ್ಟು ಕೂರಬೇಡ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ಮಗಳು

ತಾ.ಕ.: ಪ್ರದರ್ಶನ ಮುಗಿದು ಜನ ಕರಗಿದ ಮೇಲೆ ನಿರ್ದೇಶಕರ ಬಳಿ ಹೋಗಿ, "ಸಾರ್, ಆ ದರ್ಜಿ ನಮ್ಮಮ್ಮ" ಎಂದೆ. ಅವರು ಬೆಪ್ಪಾಗಿ, "ಆ ದಿನ ಯಾಕಮ್ಮ ಹೇಳ್ಲಿಲ್ಲ?" ಎಂದರು. ಉತ್ತರ ಅವರಿಗೆ ಕೊಡಲಾಗಲಿಲ್ಲ, ನಿನಗೆ ಕೊಡುತ್ತೇನೆ. ಅವರು ಎಲ್ಲರೆದುರು ನಿನ್ನನ್ನು ಬೈಯುವಾಗ ನಾನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ. ನಾನು ಬಾಯಿ ಬಿಡದಿದ್ದದ್ದು ನಾಚಿಕೆಯ ಸ್ವಭಾವದಿಂದಲ್ಲ ಅಮ್ಮಾ. ಆ ಹೊತ್ತಿಗೆ ನಾನು ನಿನ್ನ ಮಗಳೆಂದು ಯಾರಿಗೂ ತಿಳಿಯುವುದು ನನಗೆ ಬೇಡವಾಗಿತ್ತು. ನಿನಗೆ ಅದು ತಿಳಿಯಿತು. ನನ್ನ ಕಾಲ ಬಳಿ ಬಿದ್ದಿದ್ದ ಟೇಪನ್ನು ತೋರಿಸಿ ನೀನು, ಯಾರೋ ಪರಿಚಯವಿಲ್ಲದವರನ್ನು ಕೇಳುವ ಹಾಗೆ, "ಮೇಡಂ, ಅದನ್ನ ಸ್ವಲ್ಪ ಕೊಡ್ತೀರಾ?" ಎಂದೆ. ನಾನು ಕೊಟ್ಟೆ. ನೀನು ಥ್ಯಾಂಕ್ಸ್ ಎಂದೆ. ಹೊಟ್ಟೆಗೆ ಹಾಕಿಕೋ ಎನ್ನಲೂ ನನಗೆ ಮುಖವಿಲ್ಲ. ಭಾನುವಾರ ಸಭಾಂಗಣದ ಬಾಗಿಲಲ್ಲಿ ನಮ್ಮ ತಂಡದವರೆಲ್ಲರೂ ನಿಂತಿರುತ್ತಾರೆ. ದೂರದಿಂದಲೇ, ಗಟ್ಟಿಯಾಗಿ, ಅಮ್ಮಾ ಎಂದು ಕೂಗುತ್ತೇನೆ. ನೀನು ಓಗೊಟ್ಟರೆ ಸಾಕು.