ಬಸವಲಿಂಗಪ್ಪನವರಿಗೆ ಕೊಟ್ಟ ವೈರಸ್

ಲಾ ಹೋಯಾ
3 ಡಿಸೆಂಬರ್ 2023

ಪ್ರೀತಿಯ ಅಕ್ಕನಿಗೆ,

ಮೇಧಾಳ ನಮಸ್ಕಾರ. ಎರಡೂವರೆ ಗಂಟೆ ಡ್ರೈವ್ ಮಾಡಿದರೆ ಸಿಗುವ ಅಕ್ಕನಿಗೆ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಫೋನಿನಲ್ಲಿ ಎರಡು ಸಲ ಹೇಳಲು ಹೋಗಿ, ಬೇರೇನೋ ಮಾತಾಡಿ ಇಟ್ಟೆ. ದೀಪಾವಳಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ. ಭಾವ ನನ್ನ ಪಾಲಿನ ಹೋಳಿಗೆಯನ್ನು ವಾರವಿಡೀ ಫ್ರಿಜ್ಜಿನಲ್ಲಿ ಇಟ್ಟಿದ್ದರಂತೆ. ಕ್ಷಮಿಸಲು ಹೇಳು.

ಬರದಿದ್ದುದಕ್ಕೆ ಕಾರಣ ಬಸವಲಿಂಗಪ್ಪನವರು. ಸ್ಯಾನ್ ಪೀಡ್ರೊ ಬಂದರಿನ ಕಚೇರಿಯಲ್ಲಿರುವ ನಿನ್ನ ಸ್ನೇಹಿತೆ ಪಂಕಜಾ ಅಕ್ಟೋಬರ್ ಕೊನೆಗೆ ನನಗೆ ಫೋನ್ ಮಾಡಿದರು. ಬಸವಲಿಂಗಪ್ಪನವರು ಅವರ ತಂದೆ. ರಾಣೆಬೆನ್ನೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಮಗಳನ್ನು ನೋಡಲು ಬಂದಿದ್ದರು. ಇಲ್ಲಿ ಪಿತ್ತಕೋಶದ ಆಪರೇಷನ್ ಆಗಿ, ಹೊಟ್ಟೆಯೊಳಗೆ ಕೀವು ತುಂಬಿ, ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು.

"ಡಾಕ್ಟರು ಕೈಚೆಲ್ಲ್ಯಾರ," ಅಂದರು ಪಂಕಜಾ. "ನಿಮ್ಮ ಲ್ಯಾಬಿನ್ಯಾಗ ಏನರ ಇರಬಹುದು ಅಂತ ರಚನಾ ನಿಮ್ಮ ನಂಬರ್ ಕೊಟ್ರು. ನೋಡ್ತೀರೇನು?"

ನಂಬರ್ ಕೊಟ್ಟವಳು ನೀನೇ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ "ನೋಡ್ತೀನಿ" ಅಂದೆ.

ನನ್ನ ಕೆಲಸವೇನೆಂದು ನಿನಗೆ ನಾನು ಎಂದೂ ಸರಿಯಾಗಿ ಹೇಳಿಲ್ಲ. ಮನುಷ್ಯರ ತಂಟೆಗೆ ಬಾರದೆ ಬ್ಯಾಕ್ಟೀರಿಯಾವನ್ನು ಮಾತ್ರ ಹೊಕ್ಕು, ಒಳಗೆ ಬೆಳೆದು, ಅದನ್ನು ಒಡೆದು ಹೊರಬರುವ ವೈರಸ್‌ಗಳಿವೆ. ಫೇಜ್ ಎಂದು ಅವುಗಳ ಹೆಸರು. ಚರಂಡಿ ನೀರಿನಿಂದ, ಕೊಳದ ಕೆಸರಿನಿಂದ ಸೋಸಿ ತೆಗೆದ ಇನ್ನೂರಕ್ಕೂ ಹೆಚ್ಚು ಫೇಜ್‌ಗಳು ನಮ್ಮ ಫ್ರೀಜರಿನಲ್ಲಿವೆ. ಒಂದೊಂದಕ್ಕೂ ಒಂದೊಂದೇ ಬಗೆಯ ಬ್ಯಾಕ್ಟೀರಿಯಾ ಆಗಬೇಕು. ಆಸ್ಪತ್ರೆಯಿಂದ ಬಂದ ಬ್ಯಾಕ್ಟೀರಿಯಾವನ್ನು ತಟ್ಟೆಗಳಲ್ಲಿ ಬೆಳೆಸಿ ಅದರ ಮೇಲೆ ಎಲ್ಲ ಫೇಜ್‌ಗಳನ್ನೂ ಹನಿ ಹನಿಯಾಗಿ ಬಿಟ್ಟೆವು. ಮರುದಿನ ಎರಡೇ ಎರಡು ಹನಿ ಬಿದ್ದ ಜಾಗ ತಿಳಿಯಾಗಿತ್ತು. ಅಲ್ಲಿ ಬ್ಯಾಕ್ಟೀರಿಯಾ ಸತ್ತಿತ್ತು. ನಮ್ಮ ಲ್ಯಾಬಿನ ಮುಖ್ಯಸ್ಥೆ ಎಲೆನಾ ಆ ಎರಡು ಫೇಜ್‌ಗಳನ್ನು ರೋಗಿಗೆ ಕೊಡಲು ಸರ್ಕಾರದ ತುರ್ತು ಅನುಮತಿಗೆ ಅಪ್ಲೈ ಮಾಡಿದರು, ಅದೂ ಸಿಕ್ಕಿತು. ಆದರೆ ಕನ್ನಡದಲ್ಲಿ ಯಾರಾದರೂ ಹೇಳುವವರೆಗೂ ಬಸವಲಿಂಗಪ್ಪನವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೊಲ್ಲರು. ವಿಡಿಯೋ ಕಾಲ್‌ನಲ್ಲಿ ನಾನೇ ಮಾತಾಡಿದೆ.

"ಇಡೀ ದುನಿಯಾ ವೈರಸ್ಸಿಗೆ ಹೆದರಿ ಬಾಗಿಲಾ ಹಾಕ್ಕೊಂಡು ಕುಂತಿತ್ತು. ನೀ ಅದನ್ನ ನನ್ನ ರಕ್ತಕ್ಕ ಬಿಡತೀನಿ ಅಂತೀಯಲ್ಲವಾ," ಅಂದರು.

"ಇದು ನಿಮ್ಮ ಮೈಯೊಳಗಿನ ಜೀವಕಣಗಳನ್ನ ಮುಟ್ಟಲ್ಲ ಅಂಕಲ್. ಆ ಬ್ಯಾಕ್ಟೀರಿಯಾ ಒಂದೇ ಅದಕ್ಕೆ ಬೇಕಾಗಿರೋದು."

"ಖಾತ್ರಿ ಐತೇನು?"

"ಮುಟ್ಟಲ್ಲ ಅನ್ನೋದು ಖಾತ್ರಿ. ವಾಸಿಯಾಗತ್ತೆ ಅನ್ನೋದು ಖಾತ್ರಿ ಇಲ್ಲ."

ಅವರು ಪೆನ್ನು ಕೊಡಲು ಮಗಳಿಗೆ ಕೈ ಮಾಡಿದರು.

ಫೇಜ್ ಕೊಡಲು ಶುರುಮಾಡಿದ ಮೂರನೆಯ ದಿನ ಜ್ವರ ಇಳಿಯಿತು. ಪಂಕಜಾ ಅಳುತ್ತಾ ಫೋನ್ ಮಾಡಿದರು. ಆರನೆಯ ದಿನ ಜ್ವರ ಮತ್ತೆ ಏರಿತು, ಮೂತ್ರಪಿಂಡ ಸೋತು ಡಯಾಲಿಸಿಸ್ ಶುರುವಾಯಿತು. ಹೊಸ ಸ್ಯಾಂಪಲ್ ತರಿಸಿ ನೋಡಿದರೆ ನಮ್ಮ ಫೇಜ್ ಹಿಡಿದುಕೊಳ್ಳುತ್ತಿದ್ದ ಹೊರಪದರವನ್ನೇ ಬ್ಯಾಕ್ಟೀರಿಯಾ ಬದಲಿಸಿಕೊಂಡಿತ್ತು. ಒಳಗೆ ಹೋಗಲು ದಾರಿಯೇ ಇರಲಿಲ್ಲ.

ಉಳಿದದ್ದು ಒಂದೇ ಉಪಾಯ. ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ತಪ್ಪುತ್ತಲೇ ಇರುತ್ತದೆ. ಲಕ್ಷಾಂತರ ತಪ್ಪುಗಳಲ್ಲಿ ಯಾವುದೋ ಒಂದು ಹೊಸ ಹೊರಪದರಕ್ಕೆ ಹೊಂದಬಹುದು. ಹಳೆಯ ಬ್ಯಾಕ್ಟೀರಿಯಾ, ಬದಲಾದ ಬ್ಯಾಕ್ಟೀರಿಯಾ ಎರಡನ್ನೂ ಫೇಜ್ ಜೊತೆ ಒಂದೇ ಟ್ಯೂಬಿನಲ್ಲಿ ಹಾಕಿ, ಪ್ರತಿದಿನ ಉಳಿದ ಫೇಜ್‌ಗಳನ್ನು ಸೋಸಿ ಮುಂದಿನ ಟ್ಯೂಬಿಗೆ ಹಾಕುತ್ತಾ ಹೋದೆ. ಮೊದಲ ದಿನ ಏನೂ ಇಲ್ಲ. ಎರಡನೆಯ, ಮೂರನೆಯ ದಿನವೂ ಇಲ್ಲ. ಪಂಕಜಾ ಬೆಳಗ್ಗೆ ಸಂಜೆ "ಏನರ ಆತೇನು?" ಎಂದು ಮೆಸೇಜ್ ಕಳಿಸುವರು, ನಾನು "ಇನ್ನೂ ಇಲ್ಲ" ಎಂದು ಬರೆಯುವೆ. ನಾಲ್ಕನೆಯ ದಿನ ದೀಪಾವಳಿ. ಅಂದು ಆಸ್ಪತ್ರೆಯವರು, ಊರಿನಿಂದ ಯಾರಾದರೂ ಬರುವವರಿದ್ದರೆ ಕರೆಸಿಕೊಳ್ಳಿ ಎಂದಿದ್ದರಂತೆ.

ಐದನೆಯ ದಿನ, ಬದಲಾದ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಸೂಜಿಮೊನೆಯಷ್ಟೇ ತಿಳಿಯಾದ ಚುಕ್ಕೆಗಳು ಕಂಡವು, ಐದು. ಕಣ್ಣಿನ ಭ್ರಮೆ ಎಂದುಕೊಂಡು ಎಲೆನಾರನ್ನು ಕರೆದೆ. ಅವರೂ ಐದೇ ಎಣಿಸಿದರು.

ಆ ಚುಕ್ಕೆಗಳಲ್ಲಿದ್ದ ಫೇಜ್ ಬೆಳೆಸಿ, ಶುದ್ಧ ಮಾಡಿ, ನಾನೇ ಕಾರಿನಲ್ಲಿ ಇಟ್ಟುಕೊಂಡು ಹೋಗಿ ಆಸ್ಪತ್ರೆಗೆ ಕೊಟ್ಟೆ. ವಾರ ಕಳೆಯುವುದರಲ್ಲಿ ಕೀವು ಕಡಿಮೆಯಾಯಿತು, ಡಯಾಲಿಸಿಸ್ ನಿಂತಿತು. ಮೊನ್ನೆ ಗುರುವಾರ ಬಸವಲಿಂಗಪ್ಪನವರು ಮಗಳ ಮನೆಗೆ ಹೋದರು. ಫೋನಿನಲ್ಲಿ "ನಿನ್ನ ವೈರಸ್ಸಿಗೆ ನನ್ನ ಶರಣು ಹೇಳವಾ. ನಿನಗೂ ಶರಣು," ಅಂದರು.

ಆರತಿಗೆ ಚಿಕ್ಕಮ್ಮನ ಮುತ್ತು, ಆಶೀರ್ವಾದ. ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ನೀನು ಕನ್ನಡ ಬಿಡಬೇಡ. ಭಾವನಿಗೆ ನಮಸ್ಕಾರ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಮೇಧಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಉಳಿದದ್ದು: 2020ರಲ್ಲಿ ವಿಮಾನ ನಿಂತು ಅಮ್ಮ ಕಲ್ವರ್ ಸಿಟಿಯಲ್ಲಿ ನಿನ್ನ ಮನೆಯಲ್ಲೇ ಉಳಿದು, ಬಿದ್ದು, ಸೊಂಟದ ಆಪರೇಷನ್ ಆಗಿ ನಂಜೇರಿದಾಗ ನೀನು ಫೋನ್ ಮಾಡಿದ್ದೆ. "ನಿನ್ನ ಲ್ಯಾಬಲ್ಲಿ ಏನಾದ್ರೂ ಇದ್ಯಾ ನೋಡೇ," ಅಂದೆ. "ಏನೂ ಇಲ್ಲ ಅಕ್ಕ," ಅಂದೆ ನಾನು. ಲ್ಯಾಬ್ ಮುಚ್ಚಿದ್ದು ನಿಜ. ಆದರೆ ತುರ್ತು ಕೆಲಸಕ್ಕೆ ಅನುಮತಿ ಕೇಳಿದರೆ ಕೊಡುತ್ತಿದ್ದರು. ಆಗ ಕೆಲಸಕ್ಕೆ ಹೊಸಬಳು, ವೀಸಾ ಅರ್ಜಿ ಹಾಕಿದ್ದೆ, ಕೇಳಲು ಹೆದರಿದೆ. ಫ್ರೀಜರಿನ ಪಟ್ಟಿಯನ್ನೂ ತೆರೆದು ನೋಡಲಿಲ್ಲ.

ಅಮ್ಮ ಹೋದ ಮೇಲೆ ಆ ಬ್ಯಾಕ್ಟೀರಿಯಾವನ್ನು ಆಸ್ಪತ್ರೆಯಿಂದ ಲ್ಯಾಬಿಗೆ ತರಿಸಿಕೊಂಡಿದ್ದೆ. ಮೂರು ವರ್ಷ ಮುಟ್ಟಲಾಗಲಿಲ್ಲ. ಮೊನ್ನೆ ಶುಕ್ರವಾರ ಹೊರತೆಗೆದು ನಮ್ಮ ಹಳೆಯ ಫೇಜ್‌ಗಳನ್ನು ಬಿಟ್ಟೆ. 2019ರಿಂದ ಅಲ್ಲೇ ಇದ್ದ ಒಂದು, ಮರುದಿನ ನೋಡುವಷ್ಟರಲ್ಲಿ, ಬಿದ್ದ ಜಾಗವನ್ನು ಪೂರ್ತಿ ತಿಳಿ ಮಾಡಿತ್ತು. ತಟ್ಟೆ ಬೇರೆ, ದೇಹ ಬೇರೆ ಎನ್ನುತ್ತಾರೆ ಎಲೆನಾ. ಅಮ್ಮ ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರು ಕೇಳಿದರೂ ನೀನು "ಮೇಧಾ ತನ್ನ ಕೈಲಾದ್ದೆಲ್ಲ ಮಾಡಿದಳು" ಅನ್ನುತ್ತೀಯ. ಇನ್ನು ಹಾಗೆ ಹೇಳಬೇಡ, ಅಕ್ಕ.